ಪೈಲ್ವಾನ್ ಮಾವನ ಮನೆಯಲ್ಲಿ

ಬೇರೆಯವರ ಮನೆಯಲ್ಲಿ ವಯಸ್ಸಾದವರು ಎಲ್ಲಿ ಬಿದ್ದುಬಿಡುತ್ತಾರೋ ಅಂತ ಹೆದರುತ್ತಾರೆ. ನಮ್ಮ ಮನೆಯಲ್ಲಿ ಏನನ್ನು ಎತ್ತಿಬಿಡುತ್ತಾರೋ ಅಂತ ಹೆದರುತ್ತೇವೆ. ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಹಳೇಬೀಡಿನ ಗರಡಿಯಲ್ಲಿ ಬೆಳೆದ ಪೈಲ್ವಾನರು. ಹರೆಯದಲ್ಲಿ ಗುಂಡುಕಲ್ಲನ್ನು ಹೆಗಲ ಮೇಲೆ ಹೊತ್ತು ಕೆರೆ ಏರಿ ಮೇಲೆ ನಡೆಯುತ್ತಿದ್ದರಂತೆ, ಕಬ್ಬಿಣದ ಸಲಾಕೆಯನ್ನು ಕುತ್ತಿಗೆಗೆ ಒತ್ತಿ ಬಗ್ಗಿಸುತ್ತಿದ್ದರಂತೆ. ಗರಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆ ಸುದ್ದಿ ಅವರ ಕೈಗಳಿಗೆ ಮಾತ್ರ ಇನ್ನೂ ತಲುಪಿಲ್ಲ. ಹಾಗಾಗಿ ನಮ್ಮಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಹೆಣ್ಣು ನೋಡಿದ ದಿನ

ಗಂಡಿನ ಕಡೆಯವರು ಬಾಣಾವರದ ನಮ್ಮ ಮನೆಗೆ ಬಂದಿದ್ದರು. ಮಾತುಕತೆ ಶುರುವಾಗುವ ಮುಂಚೆ ದೇವರಿಗೆ ಒಂದು ಕಾಯಿ ಒಡೆಯಬೇಕು ಅಂತ ನೋಡಿದರೆ ಮಚ್ಚು ಎಲ್ಲೂ ಇಲ್ಲ. ಅಪ್ಪ ಹಿತ್ತಿಲೆಲ್ಲ ಹುಡುಕಿದರು. ಗಂಡಿನ ತಂದೆ "ಅದ್ಯಾಕೆ ಬುಡಿ" ಅಂದವರೇ ಕಾಯಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಒಂದು ಗುದ್ದು ಕೊಟ್ಟರು. ಕಾಯಿ ಎರಡು ಹೋಳಾಯಿತು. ನೀರೆಲ್ಲ ಅಪ್ಪನ ಕನ್ನಡಕದ ಮೇಲೆ.

ಅಜ್ಜಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಈ ಸಂಬಂಧ ಬೇಡವೇ ಬೇಡ, ಇಂಥ ವಂಶದವನು ಸಿಟ್ಟಿನಲ್ಲಿ ಒಂದು ದಿನ ಕೈಯೆತ್ತಿದರೆ ನಿನ್ನ ಗತಿಯೇನು ಅಂದರು. ನನಗೂ ಅದೇ ಹೆದರಿಕೆ. ಅಷ್ಟರಲ್ಲಿ ಹಜಾರದಲ್ಲಿ ಹುಡುಗನ ಕೈಗೆ ಯಾರೋ ಬಿಸ್ಕತ್ ಪೊಟ್ಟಣ ಕೊಟ್ಟಿದ್ದರು. ಪಾಪ, ಉಗುರಿನಿಂದ ಕೆರೆದರು, ಹಲ್ಲಿನಿಂದ ಎಳೆದರು, ಅದು ಬಿಚ್ಚಲೇ ಇಲ್ಲ. ಕೊನೆಗೆ ನನ್ನ ತಂಗಿಯ ಕೈಗೆ ಕೊಟ್ಟು ಬಿಚ್ಚಿಸಿಕೊಂಡರು.

ಬಾಗಿಲ ಸಂದಿಯಿಂದ ಇದನ್ನು ನೋಡುತ್ತಿದ್ದ ಅಜ್ಜಿ ಉದ್ದನೆಯ ಉಸಿರು ಬಿಟ್ಟು, "ಸದ್ಯ, ಭಯ ಇಲ್ಲ. ಒಪ್ಕೊಳ್ಳೇ" ಅಂದರು.

ಉಪ್ಪಿನಕಾಯಿ

ಮಾವ ಯಾವುದಾದರೂ ಮುಚ್ಚಳ ತಿರುಗಿಸಿದರೆ ಅದನ್ನು ಮತ್ತೆ ತೆಗೆಯುವವರು ಅವರೊಬ್ಬರೇ. ಒಂದು ಭಾನುವಾರ ನೆಂಟರು ಊಟಕ್ಕೆ ಕೂತಿದ್ದರು. ಮೊಸರನ್ನಕ್ಕೆ ಉಪ್ಪಿನಕಾಯಿ ಕೇಳಿದರು. ಜಾಡಿಯನ್ನು ನಾನು ಹಿಡಿದೆ, ನನ್ನವರು ಹಿಡಿದರು, ಬಟ್ಟೆ ಸುತ್ತಿ ಇಬ್ಬರೂ ಸೇರಿ ಹಿಡಿದೆವು. ಮುಚ್ಚಳ ಅಲುಗಲಿಲ್ಲ. ಮಾವ ಬೆಳಗ್ಗೆಯೇ ಕೊಬ್ಬರಿ ಮಾರಲು ಹೋಗಿದ್ದರು.

ಅತ್ತೆ ಮಜ್ಜಿಗೆ ಬಡಿಸುತ್ತಾ ಸಮಾಧಾನವಾಗಿ ಹೇಳಿದರು: "ಉಪ್ಪಿನಕಾಯಿ ಅರಸೀಕೆರೆಗೆ ಹೋಗೈತೆ. ಸಂಜೆ ಬಸ್ಸಿಗೆ ಬತ್ತದೆ."

ಬೇಲೂರಿನ ಡಾಕ್ಟರು

ಇದು ನಿಜಕ್ಕೂ ಹೆದರಿದ ದಿನ. ಬೆಳಗ್ಗೆ ಎದ್ದ ಮಾವ ಬಲಗೈ ಜುಮ್ ಅಂತೈತೆ ಅಂದರು. ಅವರ ಅಣ್ಣ ಲಕ್ವ ಹೊಡೆದು ಮಲಗಿದ್ದೂ ಹೀಗೇ ಶುರುವಾಗಿತ್ತು. ಅತ್ತೆ ದೇವರಿಗೆ ಮುಡಿಪು ಕಟ್ಟಿದರು, ನಾವು ಕಾರು ಮಾಡಿಕೊಂಡು ಬೇಲೂರಿಗೆ ಹೊರಟೆವು.

ಡಾಕ್ಟರು ಚಿಕ್ಕ ವಯಸ್ಸಿನವರು. ನಾಲಗೆ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು. ಆಮೇಲೆ ತಮ್ಮ ಕೈ ಮುಂದೆ ಚಾಚಿ, "ಅಜ್ಜ, ನಿಮಗೆ ಎಷ್ಟು ಶಕ್ತಿ ಇದೆಯೋ ಅಷ್ಟನ್ನೂ ಹಾಕಿ ಹಿಸುಕಿ" ಅಂದರು. ನನ್ನವರು "ಬೇಡ ಸರ್" ಅನ್ನುವಷ್ಟರಲ್ಲಿ ಮಾವ ಹಿಸುಕಿಯಾಗಿತ್ತು. ಡಾಕ್ಟರ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಮಾವ ವಿನಯದಿಂದ, "ಇದು ಅರ್ಧ ಡಾಕ್ಟ್ರೇ. ಇನ್ನರ್ಧ ಹಾಕ್ಲಾ?" ಅಂತ ಕೇಳಿದರು.

ಲಕ್ವ ಗಿಕ್ವ ಏನೂ ಇಲ್ಲ, ಕೈ ತಲೆಯಡಿ ಇಟ್ಟು ಮಲಗಿದ್ದಕ್ಕೆ ಮರಗಟ್ಟಿದೆ ಅಷ್ಟೇ ಅಂತ ಡಾಕ್ಟರು ಹೇಳಿದರು. ನಮ್ಮೆಲ್ಲರ ಎದೆ ಹಗುರವಾಯಿತು. ಮಾತ್ರೆ ಚೀಟಿಯನ್ನು ಮಾತ್ರ ನರ್ಸಮ್ಮ ಬರೆದುಕೊಟ್ಟರು.

ಹಲ್ಲಿನಲ್ಲಿ ಎಳೆದ ಬಸ್ಸು

ಮಾವ ಹರೆಯದಲ್ಲಿ ಅರಸೀಕೆರೆಯಲ್ಲಿ ಹಲ್ಲಿನಿಂದ ಬಸ್ಸು ಎಳೆದಿದ್ದು ನಮ್ಮ ಕಡೆ ದೊಡ್ಡ ಸುದ್ದಿ. ಈ ವರ್ಷ ಊರಿನ ಹುಡುಗರು ಅವರಿಗೆ ಸನ್ಮಾನ ಇಟ್ಟುಕೊಂಡರು. ಮೈದಾನಕ್ಕೆ ಹೋಗಿ ನೋಡಿದರೆ ಒಂದು ಟೆಂಪೋಗೆ ಹಗ್ಗ ಕಟ್ಟಿ ನಿಲ್ಲಿಸಿದ್ದಾರೆ. ಈಗ ಪೈಲ್ವಾನರು ಎಳೆದು ತೋರಿಸುತ್ತಾರೆ ಅಂತ ಮೈಕಿನಲ್ಲಿ ಕೂಗಿದರು. ನಮಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಮಾವ ಶಾಲು ತೆಗೆದು ನನ್ನ ಕೈಗಿತ್ತು ಎದ್ದೇಬಿಟ್ಟರು. ಅತ್ತೆ ನನ್ನ ಮೊಣಕೈ ಬಿಗಿಯಾಗಿ ಹಿಡಿದುಕೊಂಡರು. ಈ ಮನುಷ್ಯ ಮರ್ಯಾದೆಗೆ ಪ್ರಾಣ ಬೇಕಾದರೂ ಬಿಡುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

ಮಾವ ಹಗ್ಗ ಮುಟ್ಟಿ ನೋಡಿದರು, ಟೆಂಪೋ ಒಂದು ಸುತ್ತು ಹಾಕಿದರು. ಆಮೇಲೆ ಮೈಕ್ ಇಸಿದುಕೊಂಡು, ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಎತ್ತಿ ಹಿಡಿದರು.

"ಬಸ್ಸು ಎಳೆದ ಹಲ್ಲು ಬಿದ್ದೋದ್ವು ಕಣ್ರಪ್ಪ. ಇವು ಹೊಸಬರು. ಇವಕ್ಕೆ ಅನುಭವ ಇಲ್ಲ."

ಮೈದಾನವೆಲ್ಲ ನಗುವೋ ನಗು. ಅತ್ತೆ ಆಗ ನನ್ನ ಮೊಣಕೈ ಬಿಟ್ಟರು.

ಆಟೋದಲ್ಲಿ ಮನೆಗೆ ಬರುವಾಗ ನಾನು ಕೇಳಿದೆ, ಮಾವ, ಆವತ್ತು ನಿಜವಾಗಲೂ ಎಳೆದಿರಾ ಅಂತ.

ಎಳೆದದ್ದು ನಿಜವೇ ಅಂತೆ. ನಾಲ್ಕು ಹೆಜ್ಜೆ. ಅಲ್ಲಿಂದ ಮುಂದೆ ರಸ್ತೆ ಇಳಿಜಾರು ಅನ್ನುವುದನ್ನು ಯಾರೂ ನೋಡಿರಲಿಲ್ಲ. ಬಸ್ಸು ತಾನಾಗಿಯೇ ಇವರ ಹಿಂದೆ ಬರತೊಡಗಿತು. ಇವರು ಓಡಿದರು. ಜನ, ಅಬ್ಬಬ್ಬಾ, ಓಡ್ತಾ ಓಡ್ತಾ ಎಳೀತಾವ್ನೆ ಅಂತ ಶಿಳ್ಳೆ ಹೊಡೆದರು.

ಹಗ್ಗ ಬಿಟ್ಟು ಪಕ್ಕಕ್ಕೆ ಹಾರಬಾರದಿತ್ತೇ ಅಂದೆ.

"ಬಾಯಿ ಬಿಟ್ರೆ ತಾನೇ ಹಗ್ಗ ಬಿಡೋದು? ಭಯಕ್ಕೆ ಹಲ್ಲು ಕಚ್ಕೊಂಡ್ಬುಟ್ಟಿತ್ತು ಕಣವ್ವ."

ಡ್ರೈವರ್ ಬ್ರೇಕ್ ಹಾಕಲಿಲ್ಲವೇ ಅಂತ ಅತ್ತೆ ಕೇಳಿದರು.

"ಅವನೆಲ್ಲಿ? ಕೆಳಗಿಳಿದು ಜನರ ಜೊತೆ ಚಪ್ಪಾಳೆ ಹೊಡೀತಿದ್ದ."

ಪುಣ್ಯಕ್ಕೆ ರಸ್ತೆಯ ಕೊನೆಯಲ್ಲಿ ತೆಂಗಿನ ಮಟ್ಟೆಯ ದೊಡ್ಡ ರಾಶಿ ಇತ್ತಂತೆ. ಮಾವ ಅದರಾಚೆಗೆ ಹಾರಿಕೊಂಡರು, ಬಸ್ಸು ಈಚೆಗೆ ನುಗ್ಗಿ ನಿಂತಿತು. ಜನ ಹೆಗಲ ಮೇಲೆ ಹೊತ್ತು ಮೆರೆಸಿ ಪದಕ ಹಾಕಿದರು.

ಮಾವ ಸೆಟ್ಟನ್ನು ಮತ್ತೆ ಬಾಯಿಗೆ ಹಾಕಿಕೊಂಡು ಹೇಳಿದರು: "ಪದಕ ಕೊಟ್ಟಿದ್ದು ಹಲ್ಲಿಗೆ. ಕೆಲ್ಸ ಮಾಡಿದ್ದು ಕಾಲು."