ಮುಂದಿನ ದೀಪ ಅಮ್ಮನದು, ಹಿಂದಿನದು ನನ್ನದು

ಹದಿನೆಂಟು ವರ್ಷದಿಂದ ಜನರ ಬಾಯಿಯೊಳಗಿನ ಕತ್ತಲಿಗೆ ದೀಪ ಹಿಡಿದು ಬದುಕುತ್ತಿರುವ ದಂತವೈದ್ಯ ನಾನು. ದವಡೆಯ ಕಟ್ಟಕಡೆಯ ಹಲ್ಲಿನ ಹಿಂಬದಿಯಲ್ಲಿ ಅಡಗಿ ಕೂತ ಸಾಸಿವೆಯಷ್ಟು ಹುಳುಕನ್ನು ಹುಡುಕಿ ತೆಗೆಯುವವನಿಗೆ, ಮನೆಯ ಮುಂದೆ ಹಾಡಹಗಲಲ್ಲಿ ಸುಮ್ಮನೆ ನಿಂತಿರುವ ಕಾರಿನ ದೀಪ ಬದಲಿಸುವುದು ಯಾವ ಲೆಕ್ಕ! ಕಾರು ಕಚ್ಚುವುದಿಲ್ಲ, ಉಗುಳುವುದಿಲ್ಲ, ಸೂಜಿ ಕಂಡರೆ ಎದ್ದು ಓಡುವುದೂ ಇಲ್ಲ. ಒಂದು ಶನಿವಾರ ಊಟಕ್ಕೆ ಕೂತಾಗ ಈ ಮಾತನ್ನು ಮನೆಯವರ ಮುಂದೆ ಸಾರಿಬಿಟ್ಟೆ.

"ರೀ, ಹೋಗಿರೋದು ಹಿಂದಿನ ಒಂದು ಬಲ್ಬು," ಅಂದಳು ಹೆಂಡತಿ. "ಮೆಕ್ಯಾನಿಕ್ ಹತ್ರ ಬಿಟ್ಟರೆ ಐದು ನಿಮಿಷದ ಕೆಲಸ."

"ಒಂದು ಹಲ್ಲು ಹಾಳಾದರೆ ಇಡೀ ಬಾಯಿ ನೋಡಬೇಕು. ಹಿಂದೆ, ಮುಂದೆ, ಎಲ್ಲ ಹೊಸ ಎಲ್ಇಡಿ ಹಾಕ್ತೀನಿ."

"ಸೋಮವಾರ ಅತ್ತೆಗೆ ಪರೀಕ್ಷೆ ಇದೆ. ನೆನಪಿದೆ ತಾನೆ?"

"ಅದಕ್ಕೇ ಹಾಕ್ತಿರೋದು. ದೀಪ ನೋಡಿಯೇ ಇನ್ಸ್‌ಪೆಕ್ಟರ್ ಪಾಸು ಮಾಡಬೇಕು."

ನನ್ನ ಹೆಂಡತಿ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಗೇರಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದ ಎಷ್ಟೋ ಮಂದಿಯನ್ನು ರಸ್ತೆಗೆ ತಂದು ಬಿಟ್ಟವಳು. ಅವಳ ಅತಿ ಹಿರಿಯ ವಿದ್ಯಾರ್ಥಿನಿ ನನ್ನ ಅಮ್ಮ, ವಯಸ್ಸು ಅರವತ್ತಮೂರು. ಸೋಮವಾರದ್ದು ಅಮ್ಮನ ಮೂರನೆಯ ಪರೀಕ್ಷೆ. ಮೊದಲ ಸಲ ಅಡ್ಡ ಬಂದ ಬೆಕ್ಕಿಗೆ ದಾರಿ ಬಿಟ್ಟು, ಅದು ಅಲ್ಲೇ ಕೂತು ಮೈ ನೆಕ್ಕಿ ಮುಗಿಸುವವರೆಗೆ ಕಾದು, ಹೊತ್ತು ಮೀರಿ ಫೇಲಾದಳು. ಎರಡನೆಯ ಸಲ ಇಂಜಿನ್ನು ನಾಲ್ಕು ಬಾರಿ ನಿಂತುಹೋಯಿತು. "ಈ ಸಲವೂ ಹೋದರೆ ಮತ್ತೆ ಆ ಕಡೆ ತಲೆ ಹಾಕಲ್ಲ," ಎಂದು ಹೇಳಿಬಿಟ್ಟಿದ್ದಳು. ಅಮ್ಮ ಹೇಳಿದಳೆಂದರೆ ಮುಗಿಯಿತು.

ಅವಳಿಗೆ ಲೈಸೆನ್ಸ್ ಯಾಕೆ ಬೇಕಿತ್ತು ಎಂಬುದನ್ನೂ ಹೇಳಬೇಕು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವಳು. ಎದುರಿನ ಹಲಗೆಯ ತುಂಬ ತೂತು, ಕೈತುಂಬ ವೈರು. ಯಾರು ಯಾರೊಂದಿಗೆ ಮಾತಾಡಬೇಕೋ ಅವರ ತೂತಿಗೆ ಇವರ ವೈರು ಚುಚ್ಚುವ ಕೆಲಸ. ಎಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಎಕ್ಸ್‌ಚೇಂಜಿನಲ್ಲಿ ಇವಳಂತೆಯೇ ಕೂತಿದ್ದ ಹೆಂಗಸೊಬ್ಬಳ ಜತೆ ದಿನವೂ ಮಾತು. ಹಾಗೆ ಮಾತಾಡುತ್ತಲೇ ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು, ಕೂದಲು ಬೆಳ್ಳಗಾಯಿತು. ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

"ನಾನೇ ಕರಕೊಂಡು ಹೋಗ್ತೀನಮ್ಮ, ಎರಡು ಗಂಟೆ ದಾರಿ," ಅಂದಿದ್ದೆ.

"ಮೂವತ್ತು ವರ್ಷ ಊರೋರ ಮಾತನ್ನೆಲ್ಲ ಎಲ್ಲೆಲ್ಲಿಗೋ ಕಳಿಸಿದ್ದೀನಿ ಕಣೋ. ಒಂದು ಸಲ ನನ್ನನ್ನ ನಾನೇ ಕಳಿಸ್ಕೋಬೇಕು."

ಅದಕ್ಕಾಗಿ ಅಮ್ಮ ಊಟದ ಕುರ್ಚಿಯಲ್ಲಿ ಕೂತು ಸಾರಿನ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಹೆಂಡತಿ ಕಲಿಸಿದ ಕೈಸನ್ನೆಯನ್ನೂ ಬಿಡುತ್ತಿರಲಿಲ್ಲ. ಬಲಕ್ಕೆ ತಿರುಗುವಾಗ ಬಲಗೈ ಉದ್ದಕ್ಕೆ ಚಾಚುವುದು, ಎಡಕ್ಕೆ ತಿರುಗುವಾಗ ಅದೇ ಕೈಯನ್ನು ಸುತ್ತು ತಿರುಗಿಸುವುದು. ಒಂದು ರಾತ್ರಿ ಆ ಬಲ ತಿರುವಿಗೆ ನನ್ನ ಮಜ್ಜಿಗೆ ಲೋಟ ಬಲಿಯಾಯಿತು. "ಅದೆಲ್ಲ ಓಬೀರಾಯನ ಕಾಲದ್ದಮ್ಮ. ಈಗ ದೀಪ ಇದೆ," ಎಂದು ನಕ್ಕಿದ್ದೆ. ಆ ನಗುವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗಂತೂ ಅದನ್ನು ಮರೆಯುವ ಭಾಗ್ಯವಿಲ್ಲ.

ಭಾನುವಾರ ಬೆಳಗ್ಗೆ ಕ್ಲಿನಿಕ್ಕಿನಿಂದ ಬಾಯಿ ನೋಡುವ ಪುಟ್ಟ ಕನ್ನಡಿ, ಚಿಮಟ, ಹತ್ತಿಯುಂಡೆ, ಹಲ್ಲಿಗೆ ಹೊಳಪು ಕೊಡುವ ಪೇಸ್ಟು ಎಲ್ಲವನ್ನೂ ತಂದು ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿದೆ. ಕೈಗವಸು ಹಾಕಿಕೊಂಡೆ. ಮಾಸ್ಕನ್ನೂ ಕಟ್ಟಿಕೊಂಡೆ. ಹೆಂಡತಿ ಕಿಟಕಿಯಿಂದ ನೋಡಿ, "ಕಾರಿಗೆ ಅರಿವಳಿಕೆ ಕೊಟ್ರಾ?" ಎಂದು ಕೇಳಿದಳು. ಮಹತ್ಕಾರ್ಯಕ್ಕೆ ಹೊರಟವನು ಇಂಥ ಮಾತಿಗೆ ಕಿವಿಗೊಡಬಾರದು.

ಮುಂದಿನ ದೀಪಗಳ ಪ್ಲಾಸ್ಟಿಕ್ಕು ಕಾಫಿ ಕುಡುಕನ ಹಲ್ಲಿನಂತೆ ಹಳದಿಗಟ್ಟಿತ್ತು. ಪೇಸ್ಟು ಹಚ್ಚಿ ಗಂಟೆಹೊತ್ತು ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಮಬ್ಬು ಸರಿದು, ಒಳಗಿನ ಬೆಳ್ಳಿಯಂಥ ಬಟ್ಟಲು, ಅದರೊಳಗೆ ಬಿಂಬವಾಗಿ ಬಿದ್ದ ಆಕಾಶ, ಆಕಾಶದಲ್ಲಿ ನನ್ನ ಮಾಸ್ಕು ಕಟ್ಟಿದ ಮುಖ, ಒಂದೊಂದಾಗಿ ಕಂಡವು. ಸುಳ್ಳಲ್ಲ, ನನ್ನ ಮೈ ಜುಂ ಎಂದಿತು. ಇಷ್ಟು ವರ್ಷ ಈ ಕಾರು ಪೊರೆ ಬಂದ ಕಣ್ಣಲ್ಲೇ ನಮ್ಮನ್ನು ಹೊತ್ತು ತಿರುಗಿತ್ತಲ್ಲ ಎಂದು ಪಾಪವೆನಿಸಿತು.

ಮುಂದಿನ ಬಲ್ಬುಗಳು, ಇಂಡಿಕೇಟರುಗಳು ಮಧ್ಯಾಹ್ನದೊಳಗೆ ಮುಗಿದವು. ಹಿಂದಿನದು ಸ್ವಲ್ಪ ತೊಡಕಿನದು. ಡಿಕ್ಕಿಯ ಮ್ಯಾಟು ಎತ್ತಿದರೆ ಎರಡೂ ಕಡೆಯ ವೈರುಗಳು ಒಂದೇ ಕಟ್ಟಾಗಿ ಬಂದು ಕವಲೊಡೆಯುತ್ತಿದ್ದವು. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ನೋಡಿದ ಕೂಡಲೆ ಅವಳ ಬೆರಳುಗಳು ತಾವಾಗಿಯೇ ಆಡತೊಡಗಿದವು.

"ನಾನು ಸ್ವಲ್ಪ ಹಿಡಕೊಳ್ಳಲೇನೋ? ಇದು ನನ್ನ ಕೆಲಸ."

"ಅದು ಬೇರೆ, ಇದು ಬೇರೆ ಅಮ್ಮ. ನೀನು ಹೋಗಿ ರಿವರ್ಸ್ ಓದ್ಕೋ."

ಹಿತ್ತಲ ಗಿಡ ಮದ್ದಲ್ಲ. ಅಮ್ಮ ಹೋದಳು.

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ನನ್ನೆದುರು ಬಾಯಿ ತೆರೆದು ಕೂತವರ ಬಲ, ನನಗೆ ಎಡಗಡೆ. ಹಲ್ಲಿನ ನಕ್ಷೆಯಲ್ಲೂ ಹಾಗೆಯೇ ಬರೆದಿರುತ್ತದೆ. ಹದಿನೆಂಟು ವರ್ಷದಲ್ಲಿ ಇದು ಎಷ್ಟು ರಕ್ತಗತವಾಗಿದೆಯೆಂದರೆ, ನನ್ನ ಎಡಗಡೆ ಏನು ಕಂಡರೂ ಕೈ ತಾನಾಗಿಯೇ "ಬಲ" ಎಂದು ಬರೆಯುತ್ತದೆ. ಕಾರಿನ ಮುಂದೆ ನಿಂತಾಗ ಇದು ಸರಿಯೇ. ಕಾರು ನನ್ನನ್ನು ನೋಡುತ್ತಿತ್ತು, ನಾನು ಕಾರನ್ನು ನೋಡುತ್ತಿದ್ದೆ. ಆದರೆ ಈಗ ನಾನು ಹಿಂದೆ ನಿಂತಿದ್ದೆ. ಕಾರಿನ ಬೆನ್ನಿಗೆ ಬಾಯಿಲ್ಲ ಎಂಬುದು ನನಗಾಗಲಿ ನನ್ನ ಕೈಗಾಗಲಿ ಹೊಳೆಯಲಿಲ್ಲ. ಎಡಗಡೆಯ ವೈರಿಗೆ ಚೀಟಿ ಅಂಟಿಸಿ "ಬಲ" ಎಂದು ಬರೆದೆ, ಬಲಗಡೆಯದಕ್ಕೆ "ಎಡ" ಎಂದು ಬರೆದೆ. ಹೊಸ ದೀಪಗಳ ಬೆನ್ನ ಮೇಲೆ ಕಂಪನಿಯವರು ಎಡ ಬಲ ಸರಿಯಾಗಿಯೇ ಗುರುತು ಹಾಕಿದ್ದರು. ಅವುಗಳನ್ನು ಅವುಗಳ ಗೂಡಿನಲ್ಲಿ ಕೂರಿಸಿ, ಬಲಕ್ಕೆ ಬಲ, ಎಡಕ್ಕೆ ಎಡ ಎಂದು ಚುಚ್ಚಿದೆ.

ವೈರುಗಳು ಗಿಡ್ಡವಾದವು. ಎರಡೂ ಕಡೆ ಒಂದೊಂದು ಗೇಣು ಸಾಲದು. ಬುದ್ಧಿಯಿದ್ದವನು ಅಲ್ಲಿ ನಿಂತು ಯೋಚಿಸುತ್ತಿದ್ದ. ನಾನು ಕಾರು ಕಂಪನಿಯ ಜಿಪುಣತನಕ್ಕೆ ಮರುಗಿ, ತುಂಡು ವೈರು ಸೇರಿಸಿ ಉದ್ದ ಮಾಡಿದೆ!

ಸಂಜೆ ಪರೀಕ್ಷಾರ್ಥ ಉದ್ಘಾಟನೆ. ನಾಲ್ಕೂ ಇಂಡಿಕೇಟರು ಒಟ್ಟಿಗೆ ಮಿನುಗುವ ಗುಂಡಿ ಒತ್ತಿದೆ. ನಾಲ್ಕೂ ಮಿನುಗಿದವು, ಒಂದೇ ತಾಳದಲ್ಲಿ. ನಾಲ್ಕೂ ಮಿನುಗುವಾಗ ಎಡ ಯಾವುದು, ಬಲ ಯಾವುದು ಎಂದು ಯಾವ ಮೂರ್ಖ ಕೇಳುತ್ತಾನೆ? ಹೆಡ್‌ಲೈಟು ಹಾಕಿದೆ. ರಸ್ತೆಯಾಚೆಯ ಟೈಲರಂಗಡಿಯ ಗೋಡೆ ಹಾಲಿನಂತೆ ಬೆಳಗಿತು. ಬಿರುಕು, ಮೊಳೆ, ಮೊಳೆಗೆ ತೂಗಿದ್ದ ಅಳತೆಪಟ್ಟಿಯ ಅಂಕಿಗಳು ಕೂಡ ಕಂಡವು. ಟೈಲರು ಕಣ್ಣಿಗೆ ಕೈ ಅಡ್ಡ ಹಿಡಿದು ಹೊರಗೆ ಬಂದ. ಬೈಯುತ್ತಾನೆಂದುಕೊಂಡೆ. ಅವನು ಸ್ಟೂಲು ತಂದು ಮೆಟ್ಟಿಲ ಪಕ್ಕ ಹಾಕಿಕೊಂಡ.

"ಹತ್ತು ನಿಮಿಷ ಹಾಗೇ ಬಿಟ್ಟಿರಿ ಡಾಕ್ಟ್ರೇ," ಅಂದ. "ಈ ಕರೀ ಕೋಟಿಗೆ ಕರೀ ದಾರ ಹೊಲಿಯೋದು, ಕಾಣ್ತಾನೇ ಇರಲಿಲ್ಲ."

ನನ್ನ ಬೆಳಕಿನಲ್ಲಿ ಒಬ್ಬ ಮನುಷ್ಯ ಸೂಜಿಗೆ ದಾರ ಪೋಣಿಸುತ್ತಿದ್ದ. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಹೆಂಡತಿ ಕೂಡ "ಪರವಾಗಿಲ್ಲ ರೀ," ಅಂದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಬಿರುದು ನನಗೆ ಸಿಕ್ಕಿಲ್ಲ.

ಸೋಮವಾರ ಹೆಂಡತಿಯೇ ಕಾರು ನಡೆಸಿದಳು. ಅಮ್ಮ ಪಕ್ಕದಲ್ಲಿ, ನಾನು ಹಿಂದೆ. ಮೊದಲ ತಿರುವಿನಲ್ಲಿ ಸ್ಕೂಟರಿನವನೊಬ್ಬ ಹಿಂದಿನಿಂದ ಬಂದು ಕೈ ಎತ್ತಿ ಏನೋ ಕೂಗಿದ. ಎರಡನೆಯ ತಿರುವಿನಲ್ಲಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಬಾರಿಸಿತು.

"ಏನಾಗಿದೆ ಇವತ್ತು ಈ ಜನಕ್ಕೆ?" ಅಂದಳು ಹೆಂಡತಿ.

"ದೀಪ ನೋಡ್ತಿದ್ದಾರೆ," ಎಂದು ಹೇಳಿ, ಹಿಂದಿನ ಗಾಜಿನಿಂದ ಲಾರಿಯವನಿಗೆ ವಿನಯದಿಂದ ಕೈ ಬೀಸಿದೆ. ಅವನು ಇನ್ನೂ ಜೋರಾಗಿ ಬಾರಿಸಿದ.

ಪರೀಕ್ಷೆಯ ಮೈದಾನದಲ್ಲಿ ಸುಣ್ಣದ ಗೆರೆ, ಅತ್ತಿತ್ತ ಹಳೆಯ ಟೈರುಗಳು, ಸರದಿಗೆ ಕಾದ ಇಪ್ಪತ್ತು ಮಂದಿ. ಇನ್ಸ್‌ಪೆಕ್ಟರು ರಟ್ಟಿನ ಮೇಲೆ ಕಾಗದ ಸಿಕ್ಕಿಸಿಕೊಂಡು ಕಾರಿನ ಹಿಂದೆ ನಿಂತಿದ್ದರು. ನಾನೂ ಹೆಂಡತಿಯೂ ಅವರ ಬೆನ್ನಿಗೆ, ಬೇಲಿಯ ಹತ್ತಿರ. ಅಮ್ಮ ಒಬ್ಬಳೇ ಒಳಗೆ. ಹಿಂದಿನ ಗಾಜಿನಲ್ಲಿ ಅವಳ ಪುಟ್ಟ ತುರುಬು ಮಾತ್ರ ಕಾಣುತ್ತಿತ್ತು.

"ಮುಂದೆ ಹೋಗಿ ಬಲಕ್ಕೆ ತಿರುಗಿಸಿ ಅಮ್ಮ," ಅಂದರು ಇನ್ಸ್‌ಪೆಕ್ಟರು.

ಇಂಜಿನ್ನು ನಿಲ್ಲಲಿಲ್ಲ. ಕಾರು ಮೆಲ್ಲಗೆ ಹೊರಟಿತು. ಹಿಂದಿನ ದೀಪ ಮಿನುಗಿತು, ಆಹಾ, ಎಂಥ ದೀಪ, ಬಿಸಿಲಲ್ಲೂ ಕಣ್ಣಿಗೆ ರಾಚುವ ದೀಪ! ಮಿನುಗಿದ್ದು ಎಡಗಡೆ.

"ಅತ್ತೆ ಎಡ ಯಾಕೆ ಹಾಕಿದ್ರು?" ಹೆಂಡತಿ ಪಿಸುಗುಟ್ಟಿದಳು. "ಒಂದು ದಿನವೂ ಅವರು ಅದರಲ್ಲಿ ತಪ್ಪಿದ್ದಿಲ್ಲ." ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಸ್ಕೂಟರಿನವನು, ಲಾರಿಯವನು, ಗಿಡ್ಡವಾದ ವೈರು ಎಲ್ಲವೂ ಒಟ್ಟಿಗೆ ನನ್ನ ತಲೆಯೊಳಗೆ ಬಂದು ಕೂತವು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಆ ಬುಡ ನಾನೇ.

"ನಿಲ್ಲಿಸಿ ಅಮ್ಮ," ಅಂದರು ಇನ್ಸ್‌ಪೆಕ್ಟರು. "ಬಲ ಅಂದೆ. ಎಡ ಹಾಕಿದ್ದೀರಿ." ಪೆನ್ನಿನ ಮುಚ್ಚಳ ತೆಗೆದರು.

ಎಪ್ಪತ್ತು ಕಿಲೋಮೀಟರ್ ದೂರದ ಆ ಮುಖ ನನ್ನ ಕಣ್ಣೆದುರೇ ಅಳಿಸಿಹೋಗುತ್ತಿತ್ತು. ಬೇಲಿ ದಾಟಿ ಓಡಿ ಒಪ್ಪಿಕೊಳ್ಳಬೇಕೆಂದು ಹೊರಟೆ. ಹೆಂಡತಿ ಅಂಗಿ ಹಿಡಿದೆಳೆದಳು. "ಸುಮ್ಮನಿರಿ. ಅವರು ಮಾತಾಡ್ಲಿ."

ಅಮ್ಮ ಡ್ಯಾಷ್‌ಬೋರ್ಡಿನ ಬಾಣ ನೋಡಿದಳು. ಬಾಗಿಲು ತೆರೆದು ಕೆಳಗಿಳಿದು ಮುಂದಿನ ದೀಪ ನೋಡಿದಳು, ಹಿಂದೆ ಬಂದು ಹಿಂದಿನದನ್ನು ನೋಡಿದಳು. ಆಮೇಲೆ ಬೇಲಿಯ ಹತ್ತಿರ ನಿಂತ ನನ್ನನ್ನು ನೋಡಿದಳು.

"ಸಾರ್, ಮುಂದೆ ಬಲ ಉರೀತಿದೆ. ಅದು ನಾನು ಹಾಕಿದ್ದು. ಹಿಂದೆ ಎಡ ಉರೀತಿದೆ. ಅದು ನನ್ನ ಮಗ ಹಾಕಿದ್ದು."

ಸರದಿಯಲ್ಲಿದ್ದ ಇಪ್ಪತ್ತು ತಲೆಗಳೂ ನನ್ನತ್ತ ತಿರುಗಿದವು. ಇನ್ಸ್‌ಪೆಕ್ಟರೂ ಸುತ್ತಿ ನೋಡಿ ಬಂದರು.

"ಸರಿ, ಗಾಡಿ ದೋಷ. ಆದರೆ ಇಂಡಿಕೇಟರ್ ಇಲ್ಲದೆ ಪರೀಕ್ಷೆ ಹೇಗೆ ಮಾಡಲಿ ಅಮ್ಮ?"

"ಪುಸ್ತಕದಲ್ಲಿ ಕೈಸನ್ನೆ ಇದೆಯಲ್ಲ ಸಾರ್. ಅದನ್ನ ಯಾರೂ ತೆಗೆದುಹಾಕಿಲ್ಲ ತಾನೆ?"

ಇನ್ಸ್‌ಪೆಕ್ಟರ ಪೆನ್ನು ಅಲ್ಲೇ ನಿಂತಿತು. "ಬರುತ್ತಾ ನಿಮಗೆ?"

ಅಮ್ಮ ಹೋಗಿ ಸ್ಟಿಯರಿಂಗ್ ಮುಂದೆ ಕೂತಳು. ಕಿಟಕಿಯ ಗಾಜು ಇಳಿಯಿತು. ಹಸಿರು ಬಳೆ ತೊಟ್ಟ ಸಣ್ಣ ಕೈಯೊಂದು ಹೊರಗೆ ಬಂದು ಬಲಕ್ಕೆ ಉದ್ದಕ್ಕೆ ಚಾಚಿಕೊಂಡಿತು. ಕಾರು ಬಲಕ್ಕೆ ತಿರುಗಿತು. ಕೈ ಒಳಗೆ ಹೋಯಿತು, ಮತ್ತೆ ಬಂತು, ಗಾಳಿಯಲ್ಲಿ ನಿಧಾನವಾಗಿ ಸುತ್ತು ಬರೆಯಿತು, ಕಾರು ಎಡಕ್ಕೆ ತಿರುಗಿತು. ಕೈ ಮೇಲೆ ಕೆಳಗೆ ಆಡಿತು, ಕಾರು ವೇಗ ತಗ್ಗಿಸಿತು. ಕೈ ಮೇಲಕ್ಕೆದ್ದು ಅಂಗೈ ತೋರಿಸಿತು, ಕಾರು ಸುಣ್ಣದ ಗೆರೆಗೆ ಸರಿಯಾಗಿ ನಿಂತಿತು. ನಾನು ತಂದು ಹಾಕಿದ ಅಷ್ಟೂ ಬೆಳಕು ಆ ಕೈಯ ಹಿಂದೆ ತಪ್ಪು ತಪ್ಪಾಗಿ ಮಿನುಗುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ನಾನೂ ನೋಡಲಿಲ್ಲ. ನನಗೆ ಊಟ ತಿನ್ನಿಸಿದ ಕೈ, ಕಿವಿ ಹಿಂಡಿದ ಕೈ, ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

"ಎಷ್ಟು ವರ್ಷ ಆಯ್ತು ಇದನ್ನ ನೋಡಿ," ಎಂದು ಇನ್ಸ್‌ಪೆಕ್ಟರು ತಮಗೆ ತಾವೇ ಹೇಳಿಕೊಂಡು, ಕಾಗದದ ಮೇಲೆ "ಪಾಸ್" ಎಂದು ಬರೆದರು. ಆಮೇಲೆ ನನ್ನ ಕಡೆ ಪೆನ್ನು ತೋರಿಸಿ, "ಹಿಂದಿನದು ಸರಿ ಮಾಡದೆ ಗಾಡಿ ಗೇಟು ದಾಟಬಾರದು," ಅಂದರು.

ಜೇಬಿನಲ್ಲಿದ್ದ ಮಾಸ್ಕಿಗೆ ಕೈ ಹಾಕಿದೆ. ಅಷ್ಟರಲ್ಲಿ ಅಮ್ಮ ಡಿಕ್ಕಿ ತೆರೆದು ಬಗ್ಗಿಯಾಗಿತ್ತು. ಚೀಟಿಗಳನ್ನು ಓದುವ ಗೋಜಿಗೇ ಹೋಗಲಿಲ್ಲ. ಕಿತ್ತಳು, ಚುಚ್ಚಿದಳು, ಇತ್ತ ಒಂದು, ಅತ್ತ ಒಂದು. ನನ್ನ ಇಡೀ ಭಾನುವಾರ ಎರಡು ನಿಮಿಷದಲ್ಲಿ ತಿದ್ದುಪಡಿಯಾಯಿತು. ಎರಡು ತುಂಡು ವೈರನ್ನು ನನ್ನ ಅಂಗೈಯಲ್ಲಿಟ್ಟಳು.

"ಇವು ಬೇಕಾಗಲಿಲ್ಲ," ಅಂದಳು. "ರಾಂಗ್ ನಂಬರ್ ಕಣೋ, ಇನ್ನೇನಿಲ್ಲ."

ಮುಂದಿನ ಭಾನುವಾರ ಅಮ್ಮ ತನ್ನನ್ನು ತಾನೇ ಕಳಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಗುರುವಾರ ಅವಳ ಕೆನ್ನೆ ಊದಿತು. ನಲವತ್ತು ವರ್ಷದ ಗೆಳತಿಗೆ ಮೊದಲ ಸಲ ಊದಿದ ಮುಖ ತೋರಿಸುವುದುಂಟೇ? ಕ್ಲಿನಿಕ್ಕಿಗೆ ಬಂದಳು. ಕಾರು ಅವಳೇ ನಡೆಸಿಕೊಂಡು ಬಂದಿದ್ದಳು. ಹೊರಗೆ ಬೆಂಚಿನ ಮೇಲೆ ನಾಲ್ಕು ಮಂದಿ ರೋಗಿಗಳು ಕಾಯುತ್ತಿದ್ದರು, ಬಾಗಿಲು ತೆರೆದಿತ್ತು. ಅಮ್ಮ ಕುರ್ಚಿಯಲ್ಲಿ ಒರಗಿದಳು. ದೀಪ ಹತ್ತಿರಕ್ಕೆಳೆದು, ಕನ್ನಡಿ ಹಿಡಿದು, ಕಳೆದುಕೊಂಡ ಗೌರವವನ್ನು ಇಲ್ಲಾದರೂ ಗಳಿಸೋಣವೆಂದು ಗಂಭೀರವಾಗಿ, "ಎಲ್ಲಿ, ಬಾಯಿ ತೆರಿಯಮ್ಮ," ಅಂದೆ.

ಅಮ್ಮ ಬಾಯಿ ತೆರೆದಳು. ಜತೆಗೆ ಬಲಗೈಯನ್ನು ಉದ್ದಕ್ಕೆ ಚಾಚಿದಳು. ಚಿಮಟವಿಟ್ಟ ತಟ್ಟೆ ನೆಲಕ್ಕೆ ಬಿತ್ತು.

"ಇದೇನಮ್ಮ?"

"ನೋಯ್ತಿರೋದು ಈ ಕಡೆ," ಅಂದಳು. "ನೀನು ಮುಂದೆ ನಿಂತ್ಕೊಂಡಿದ್ದೀಯೋ, ಹಿಂದೆ ನಿಂತ್ಕೊಂಡಿದ್ದೀಯೋ, ನನಗೇನು ಗೊತ್ತು? ಮುಗಿಯೋ ತನಕ ಕೈ ಹೀಗೇ ಇರಲಿ."

ಹಲ್ಲು ಕಿತ್ತು ಹತ್ತಿ ಇಟ್ಟು, ಬೆವರೊರೆಸಿಕೊಂಡು ಹೊರಗೆ ಬಂದೆ. ಬೆಂಚಿನ ಮೇಲಿನ ನಾಲ್ಕೂ ಮಂದಿ ನನ್ನನ್ನೇ ನೋಡುತ್ತಿದ್ದರು. ಮೂವರ ಬಲಗೈ ಆಗಲೇ ಚಾಚಿತ್ತು. ನಾಲ್ಕನೆಯವರಿಗೆ ನೋವು ಎಡಗಡೆ ಇರಬೇಕು, ಗಾಳಿಯಲ್ಲಿ ನಿಧಾನವಾಗಿ ಕೈ ಸುತ್ತುತ್ತಿದ್ದರು.