ಚಿಕ್ಕಪ್ಪನ ಥ್ಯಾಂಕ್ಸು

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಒಂದೇ ಪದ. ಆ ಒಂದೇ ಪದದಿಂದ ಅವರು ಇಡೀ ಬಸವೇಶ್ವರನಗರವನ್ನು ಗೆದ್ದುಬಿಟ್ಟಿದ್ದರು ಎಂದರೆ ನಂಬುತ್ತೀರಾ? ನಂಬಲೇಬೇಕು!

ರಿಟೈರಾಗಲು ಐದು ವರ್ಷ ಇದೆ ಎನ್ನುವಾಗ ಆಫೀಸಿಗೆ ಕಂಪ್ಯೂಟರು ಬಂತು. ಗಾಬರಿಬಿದ್ದ ಚಿಕ್ಕಪ್ಪ ರಾಜಾಜಿನಗರದಲ್ಲಿ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದರು. ಜೊತೆಗಿದ್ದವರೆಲ್ಲ ಅಲ್ಲಿಂದ ಕಾಲ್ ಸೆಂಟರುಗಳಿಗೆ ಹೋದರು. ಇವರು "ಥ್ಯಾಂಕ್ಸ್" ಒಂದನ್ನು ಕಟ್ಟಿಕೊಂಡು ಮನೆಗೆ ಬಂದರು.

ಶುರುವಾಯಿತು ನೋಡಿ! ಹಾಲಿನವನಿಗೆ ಥ್ಯಾಂಕ್ಸ್, ದಾರಿ ಬಿಟ್ಟ ಎಮ್ಮೆಗೂ ಥ್ಯಾಂಕ್ಸ್. ಬನ್ನಿ, ಹೋಗಿ, ಸಾಕು, ಹೊಟ್ಟೆ ತುಂಬಿತು, ಫೋನಿಡಿ, ಎಲ್ಲಕ್ಕೂ ಅದೇ. ಒಮ್ಮೆ ಆಟೋದವನು "ಕೆಂಗೇರಿಗೆ ಬರಲ್ಲ ಸಾರ್" ಎಂದ. ಇವರು ಕೈಮುಗಿದು "ಥ್ಯಾಂಕ್ಸ್" ಎಂದರು. ಅವನು ಹತ್ತು ಗಜ ಹೋಗಿ ವಾಪಸ್ ಬಂದ. "ಬೈದಿದ್ರೆ ಹೋಗ್ತಿದ್ದೆ ಸಾರ್. ಹತ್ತಿ, ಮೀಟರ್ ಹಾಕ್ತೀನಿ!"

ಹೊರಗೆ ಸರಿ. ಆದರೆ ನಮ್ಮಲ್ಲಿ ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುವುದುಂಟೆ? ಅಜ್ಜಿ ಎರಡನೇ ಸಲ ಹುಳಿ ಬಡಿಸಿದಾಗ ಚಿಕ್ಕಪ್ಪ "ಥ್ಯಾಂಕ್ಸ್ ಅಮ್ಮ" ಎಂದುಬಿಟ್ಟರು. ಸೌಟು ಕೆಳಗೆ! "ಹೆತ್ತ ತಾಯಿಗೇ ಹೇಳ್ತೀಯೇನೋ? ನಾನೇನು ಇಲ್ಲಿ ಮೆಸ್ ಇಟ್ಟಿದೀನಾ?" ಎರಡು ದಿನ ಅಜ್ಜಿ ಅವರ ತಟ್ಟೆಯ ಕಡೆ ತಿರುಗಲಿಲ್ಲ.

ಅದೇ ವಾರ ಕಾಫಿ ಕೊಟ್ಟ ಚಿಕ್ಕಮ್ಮನಿಗೂ ಒಂದು ಥ್ಯಾಂಕ್ಸ್ ಬಿತ್ತು. "ರೀ, ನಾನೇನು ಹೊರಗಿನೋಳಾ? ಇನ್ನೊಂದ್ಸಲ ನನಗೆ ಹಂಗಂದ್ರೆ ತವರಿಗೆ ಹೊರಟೆ ಅಂತಲೇ ತಿಳ್ಕೊಳ್ಳಿ!"

ಚಿಕ್ಕಪ್ಪ ಮಾತಿಗೆ ಕಟ್ಟುಬಿದ್ದವರು. ಮರುದಿನದಿಂದ ಕಾಫಿ ಕುಡಿದು ಲೋಟಕ್ಕೆ ಥ್ಯಾಂಕ್ಸ್ ಹೇಳತೊಡಗಿದರು. ಲೋಟವೇನೂ ಬೇಸರ ಮಾಡಿಕೊಳ್ಳಲಿಲ್ಲ.

ಬೇಸರವಾದದ್ದು ಚಿಕ್ಕಮ್ಮನಿಗೆ. ವರ್ಷಗಳು ಕಳೆದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ನನ್ನ ಹತ್ತಿರ, "ಸೊಪ್ಪಿನೋಳಿಗೂ ಸಿಗುತ್ತೆ ಕಣೇ, ನನಗೊಬ್ಬಳಿಗೇ ಇಲ್ಲ" ಎಂದರು.

"ಬೇಡ ಅಂದೋರು ನೀವೇ ಅಲ್ವಾ? ಈಗ ಹೇಳಿ ಅಂತ ಕೇಳಿ."

"ಥೂ! ಕೇಳಿ ಹೇಳಿಸ್ಕೊಳ್ಳೋದಾ? ಮೂವತ್ತು ವರ್ಷ ಬೇಯಿಸಿ ಹಾಕಿದೀನಿ. ಅವರಿಗೇ ತಿಳೀಬೇಕು."

ಆಫೀಸಿನ ಬೀಳ್ಕೊಡುಗೆಯ ದಿನ ತಿಳಿದೇ ತಿಳಿಯುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಚಿಕ್ಕಮ್ಮ ಮದುವೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಶಾಲು, ಹಾರ, ಮೈಸೂರು ಪೇಟ ಎಲ್ಲ ಆದ ಮೇಲೆ ಚಿಕ್ಕಪ್ಪ ಮೈಕು ಹಿಡಿದರು. ಸಾಹೇಬರಿಗೆ ಥ್ಯಾಂಕ್ಸ್, ಜವಾನರಿಗೆ ಥ್ಯಾಂಕ್ಸ್, ಓಡಿ ಬಂದರೆ ಬಸ್ಸು ನಿಲ್ಲಿಸುತ್ತಿದ್ದ ಡ್ರೈವರಿಗೆ, ತಲೆಯ ಮೇಲಿನ ಫ್ಯಾನಿಗೆ, ಕೊನೆಗೆ ಮೈಕಿಗೂ! ಸಭೆ ಬಿದ್ದುಬಿದ್ದು ನಕ್ಕಿತು. ಚಿಕ್ಕಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

ವಾಪಸ್ ಬರುವಾಗ ಆಟೋದಲ್ಲಿ ನನಗೆ ತಡೆಯಲಾಗಲಿಲ್ಲ. "ಏನ್ ಚಿಕ್ಕಪ್ಪ, ಫ್ಯಾನು ನೆನಪಾಯ್ತು, ಚಿಕ್ಕಮ್ಮ ನೆನಪಾಗಲಿಲ್ವಾ?"

"ಹೇಳಿದ್ರೆ ತವರಿಗೆ ಹೋಗ್ತೀನಿ ಅಂದಿದಾಳಲ್ಲೇ!" ಚಿಕ್ಕಪ್ಪ ನಿಜವಾಗಿಯೂ ಹೆದರಿದ್ದರು. "ನಾಳೆಯಿಂದ ದಿನವೆಲ್ಲ ಮನೇಲೇ ಇರೋನು ನಾನು. ಅವಳಿಲ್ದೆ ಏನ್ ಮಾಡ್ಲಿ?"

ಚಿಕ್ಕಮ್ಮ ಮುಖ ಆಚೆ ತಿರುಗಿಸಿದರು. ಚಿಕ್ಕಪ್ಪ "ಥ್ಯಾಂ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ತಮ್ಮ ತಲೆಯ ಮೇಲಿದ್ದ ಪೇಟವನ್ನು ತೆಗೆದು ಚಿಕ್ಕಮ್ಮನ ತಲೆಗಿಟ್ಟರು.

"ಅಯ್ಯೋ, ಜನ ನೋಡ್ತಾರೆ ಕಣ್ರೀ!"

ಎಂದರೇ ಹೊರತು ತೆಗೆಯಲಿಲ್ಲ. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ಬಗ್ಗಿ ಬಗ್ಗಿ ನೋಡಿದರು. ಚಿಕ್ಕಮ್ಮ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಪೇಟ ಜಾರದ ಹಾಗೆ ಹಿಡಿದುಕೊಂಡು, ಮನೆ ಬರುವವರೆಗೂ ನೆಟ್ಟಗೆ ಕೂತಿದ್ದರು.