ಹವಳಕ್ಕೆ ಬೆಳಕು ಅಳೆದ ಸೋದರಮಾವ

ಬಲ್ಬು ಮಾರುವವನಿಗೆ ಬೆಳಕಿನ ವಿಷಯ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಪಾಪ, ಆ ನಂಬಿಕೆಯನ್ನು ನಾನು ಈವರೆಗೆ ಕೆಡಿಸಿರಲಿಲ್ಲ. ಕೋಲಾರದ ಬಸ್ ನಿಲ್ದಾಣದ ಹಿಂದಿನ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನನ್ನ ಉದ್ಯೋಗ. ಇದು ಎಷ್ಟು ಬೆಳಕು ಕೊಡುತ್ತದೆ ಎಂದು ಗಿರಾಕಿ ಕೇಳಿದರೆ, ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಅವರ ಮೂಗಿನ ಮುಂದೆಯೇ ಉರಿಸಿಬಿಡುತ್ತೇನೆ. ಅವರು ಅದನ್ನು ದಿಟ್ಟಿಸಿ, ಕಣ್ಣು ಮುಚ್ಚಿ, ರೆಪ್ಪೆಯೊಳಗೆ ಓಡಾಡುವ ಹಸಿರು ಚುಕ್ಕೆಗಳನ್ನು ನೋಡಿ, ತೃಪ್ತರಾಗಿ ಜೇಬಿಗೆ ಕೈ ಹಾಕುತ್ತಾರೆ. ಬೆಳಕನ್ನು ಅಳೆಯುವ ನನ್ನ ಶಾಸ್ತ್ರ ಇಷ್ಟೇ. ಈ ಶಾಸ್ತ್ರವನ್ನು ಮನೆಗೂ ತಂದು ಒಂದು ಬಡಜೀವವನ್ನು ಸಾಯುವ ಅಂಚಿಗೆ ತಳ್ಳಿದವನು ನಾನು. ಅದರಲ್ಲಿ ಬಲ್ಬಿನ ತಪ್ಪಿಲ್ಲ, ಆ ಜೀವದ ತಪ್ಪೂ ಇಲ್ಲ. ಪೆದ್ದನ ಪಾತ್ರ ಪೂರ್ತಿ ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಮನೆಯವರನ್ನೆಲ್ಲ ಆಡಿಕೊಳ್ಳಲು ನನಗೆ ಅನುಕೂಲ.

ನನ್ನ ಅಕ್ಕ ಮುಳಬಾಗಿಲಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಸೀರೆ, ಸ್ವೆಟರು ತರುತ್ತಾರೆ. ಇವಳು ಒಂದು ಸಮುದ್ರ ತಂದಳು. ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಒಂದಿಷ್ಟು ಕಲ್ಲು, ಎರಡು ಮೀನು, ನಡುವೆ ಅಂಗೈಯಗಲದ ಒಂದು ಜೀವಂತ ಹವಳ. ಹವಳ ಉಂಗುರದಲ್ಲಿ ತಾನೇ ಇರುವುದು, ಅದಕ್ಕೇಕೆ ನೀರು ಎಂದು ಅಪ್ಪ ಇವತ್ತಿಗೂ ಕೇಳುತ್ತಾರೆ. ಬೆಳಕೇ ಅದಕ್ಕೆ ಊಟವಂತೆ, ಅದು ಹದವಾಗಿದ್ದರೆ ಹವಳ ಹಸಿರು ಸೇವಂತಿಗೆಯ ಹಾಗೆ ಅರಳುತ್ತದೆ. ಇಲ್ಲದಿದ್ದರೆ ಹೋದ ವರ್ಷದ ಹುಣಿಸೆಹಣ್ಣಿನ ಹಾಗೆ ಮುದುರಿ ಕೂರುತ್ತದೆ. ಉಗುರಿನಷ್ಟಿದ್ದ ತುಣುಕನ್ನು ಅಕ್ಕ ಅಷ್ಟು ದೊಡ್ಡದು ಮಾಡಿದ್ದಳು. ಅವಳನ್ನೂ ತೊಟ್ಟಿಯನ್ನೂ ಕಾರಿನಲ್ಲಿ ತಂದ ನಮ್ಮ ಭಾವ ಬಲು ತಾಳ್ಮೆಯ ಮನುಷ್ಯ. "ಏನೂ ಆಗಲ್ಲ ಬಿಡಿ" ಎಂಬುದು ಅವರ ಮಂತ್ರ, ಅದನ್ನು ನಾನು ಅವರಿಗಿಂತ ಚೆನ್ನಾಗಿ ಹೇಳುತ್ತೇನೆ. ಏನೂ ಆಗಲ್ಲ ಎಂದುಕೊಂಡೇ ಅವರು ತೊಟ್ಟಿಯ ದೀಪದ ಮೇಲೆ ಅಕ್ಕಿಮೂಟೆ ಇಟ್ಟಿದ್ದರು. ದೀಪ ಹೋಳಾಯಿತು.

ಬೆಂಗಳೂರಿನಿಂದ ಹೊಸ ದೀಪ ತರಿಸೋಣ ಎಂದರು ಭಾವ. ಬಲ್ಬಿನ ಅಂಗಡಿಯವನ ಮನೆಗೆ ಹೊರಗಿನಿಂದ ಬಲ್ಬು ತರಿಸುವುದೇ? ಮಾನದ ಪ್ರಶ್ನೆ. ನಾನೇ ಕೂರಿಸುತ್ತೇನೆ ಎಂದುಬಿಟ್ಟೆ. ಅಷ್ಟರಲ್ಲಿ ಹೆರಿಗೆಯಾಗಿ ಅಕ್ಕ ಬಾಣಂತಿ ಕೋಣೆ ಸೇರಿದ್ದಳು. ನಮ್ಮಮ್ಮ ಶ್ರೀನಿವಾಸಪುರದ ಕಡೆಯವಳು. ಬಾಣಂತನದ ವಿಷಯದಲ್ಲಿ ಅವಳ ಮನೆ ಎಂದರೆ ಕೋಟೆ. ಬಾಣಂತಿ ತಣ್ಣೀರು ಮುಟ್ಟಬಾರದು, ಗಾಳಿಗೆ ಬರಬಾರದು, ಕಣ್ಣು ಕುಕ್ಕುವ ಬೆಳಕು ನೋಡಬಾರದು. ತಣ್ಣೀರು, ಗಾಳಿಗುಳ್ಳೆ, ಬೆಳಕು ಮೂರೂ ಸೇರಿ ಆದ ತೊಟ್ಟಿಯ ಹತ್ತಿರ ಸುಳಿಯುವ ಮಾತೇ ಇರಲಿಲ್ಲ. ಹಾಗಾಗಿ ಅಕ್ಕ ತಲೆಗೆ ಸ್ಕಾರ್ಫು ಬಿಗಿದುಕೊಂಡು, ಅರ್ಧ ತೆರೆದ ಬಾಗಿಲಿನಿಂದ ಆಜ್ಞೆ ಹೊರಡಿಸುತ್ತಿದ್ದಳು. ಕಣ್ಣಳತೆ ನಂಬಬೇಡ, ಮೂರು ಥರದ ಬಲ್ಬು ತಂದು ಒಂದೊಂದರ ಬೆಳಕು ನೀರಿನೊಳಗೆ ಹವಳದವರೆಗೆ ಎಷ್ಟು ಮುಟ್ಟುತ್ತದೆ ಎಂದು ಮೀಟರಿನಲ್ಲಿ ಅಳೆ ಎಂದಳು. ಕೊನೆಗೆ ಹೇಳಿದ್ದು ಮಾತ್ರ ನನ್ನ ಎದೆಗೆ ನಾಟಿತು:

"ಅದೇನಾದ್ರೂ ಸತ್ತೋಯ್ತೋ, ನಾಮಕರಣದ ದಿನವೂ ನನ್ನ ಮಗೂನ ನಿನ್ನ ಕೈಗೆ ಕೊಡಲ್ಲ. ಈಗ್ಲೇ ಹೇಳ್ಬಿಟ್ಟಿದ್ದೀನಿ ಕಣೋ."

ಸೋದರಮಾವನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಅಂಗಡಿಯ ಧೂಳು ಹೊತ್ತು ಬರುತ್ತಾನೆಂದು ಅಮ್ಮ ಅಲ್ಲಿಯವರೆಗೆ ನನಗೆ ಮಗುವಿನ ಮೂಗನ್ನಷ್ಟೇ ತೋರಿಸಿದ್ದಳು, ಅದೂ ದೂರದಿಂದ. ನಾಮಕರಣದ ದಿನ ತೊಡೆಯ ಮೇಲೆ ಮಗು ಮಲಗಿಸಿಕೊಂಡು ಕೂರುವ ಭಂಗಿಯನ್ನು ನಾನು ದಿಂಬು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೆ. ಹಾಗಾಗಿ ಹವಳ ಅರಳಲೇಬೇಕು ಎಂದು ನಿರ್ಧರಿಸಿಬಿಟ್ಟೆ.

ಬೆಳಕಿನ ಮೀಟರು ಇದ್ದದ್ದು ಮಾಸ್ತಿಯಲ್ಲಿ, ನನ್ನ ಗೆಳೆಯ ಮಂಜನ ಹತ್ತಿರ. ಪಾಲಿಹೌಸಿನಲ್ಲಿ ದಪ್ಪಮೆಣಸಿನಕಾಯಿ ಬೆಳೆಯುವ ಅವನು ಗಿಡಕ್ಕೆ ಬಿಸಿಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅದರಲ್ಲಿ ನೋಡಿಕೊಳ್ಳುತ್ತಾನೆ. ಮಾಲೂರಿನಲ್ಲಿ ಬಸ್ಸು ಬದಲಿಸಿ ಹೋಗಿ ಕೇಳಿದೆ. ಮೀಟರನ್ನು ನೀರಿಗೆ ಇಳಿಸುತ್ತೇನೆ ಎಂದಾಗ ಅವನು ಕೊಟ್ಟದ್ದನ್ನು ವಾಪಸು ಕಿತ್ತುಕೊಂಡ. ತಂತಿಯ ತುದಿಯಲ್ಲಿ ಬೆಳಕು ಹಿಡಿಯುವ ಗುಂಡಿಯೊಂದೇ ನೀರಿಗೆ ಹೋಗುವುದು, ಅದಕ್ಕೂ ನೀರು ನುಸುಳದ ಪ್ಲಾಸ್ಟಿಕ್ ಕವರು ಹಾಕುತ್ತೇನೆ ಎಂದು ಅವನ ತಾಯಿಯ ದನಿಯನ್ನೇ ಅಣಕಿಸಿ ಆಣೆ ಮಾಡಿದ ಮೇಲೆ, ನಗು ತಡೆಯಲಾಗದೆ ಕೊಟ್ಟ.

ಗುಂಡಿಯನ್ನು ಹವಳದ ಪಕ್ಕಕ್ಕೆ ಇಳಿಸಲು ಉದ್ದನೆಯ ಕೋಲೊಂದು ಬೇಕಿತ್ತು. ಅಡುಗೆಮನೆಯಲ್ಲಿ ಮುದ್ದೆಕೋಲು ಕಂಡಿತು. ಕಟ್ಟಿದೆ, ಇಳಿಸಿದೆ, ತೊಳೆಯದೆ ವಾಪಸು ಇಟ್ಟೆ. ಅವತ್ತು ಅಪ್ಪ ಎರಡನೆಯ ಮುದ್ದೆ ಹಾಕಿಸಿಕೊಂಡು, ಇವತ್ತು ರುಚಿಯಾಗಿದೆ, ಏನು ಹಾಕಿದೆ ಎಂದು ಅಮ್ಮನನ್ನು ಹೊಗಳಿದರು. ಅಮ್ಮ ಕೋಲಿನ ತುದಿಯ ದಾರ ನೋಡಿ, ನನ್ನ ಕಡೆ ತಿರುಗಿದಳು. ಕೋಪ ಏರಿದರೆ ಅವಳ ಕನ್ನಡ ಕರಗಿ ತೆಲುಗಾಗುತ್ತದೆ. "ಒರೇ, ನೀಕು ಪಿಚ್ಚಾ?" ಎಂದಳು. ಹುಚ್ಚೇ ಎಂದು ಕೇಳಿದರೆ ಉತ್ತರ ಹೇಳಬಹುದು. ಪಿಚ್ಚಾ ಎಂದು ಕೇಳಿದಾಗ ಸುಮ್ಮನೆ ಕೈ ತೊಳೆದು ಏಳುವುದೇ ಕ್ಷೇಮ.

ಅಳತೆಯ ಕಥೆಗೆ ಬರುತ್ತೇನೆ. ನಾನು ಅಂಗಡಿಯಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ. ಆಗ ನಮ್ಮ ಮನೆಯಲ್ಲಿ ಹಿತ್ತಿಲ ಬಾಗಿಲು ಮುಚ್ಚಿ, ಮುಂಬಾಗಿಲು ತೆರೆದು, ಇರುವ ಟ್ಯೂಬ್‌ಲೈಟುಗಳನ್ನೆಲ್ಲ ಹಾಕಬೇಕು. ಹಳದಿ ಬಲ್ಬು ಮಂದವೆಂದು ಬರಿಗಣ್ಣಿಗೇ ಗೊತ್ತಾಯಿತು. ಅಂಗಡಿಯಲ್ಲಿ ನಾನು ಗಂಟಲು ಹರಿದುಕೊಂಡು ಮಾರುವ ಬಿಳಿ ಬಲ್ಬನ್ನು ಹಾಕಿ ಅಳೆದೆ. ಮೀಟರಿನ ಅಂಕಿ ಜಿಗಿಯಿತು. ಹೆಮ್ಮೆಯಾಯಿತು. ಇನ್ನು ಉಳಿದದ್ದು ಅಕ್ಕ ಹೇಳಿ ತರಿಸಿದ್ದ ನೀಲಿ ಛಾಯೆಯ ಫೋಕಸ್ ಬಲ್ಬು. ಅದನ್ನು ಸಿಕ್ಕಿಸುವ ಹೊತ್ತಿಗೆ ಸರಿಯಾಗಿ ಅಮ್ಮ ಕೆಂಡದ ಬಟ್ಟಲಿಗೆ ಸಾಂಬ್ರಾಣಿ ಹಾಕಿ, ಮಗುವಿಗೆ ಹೊಗೆ ತೋರಿಸಲು ಹಜಾರಕ್ಕೆ ಬಂದಳು. ಮಗುವಿನ ಕಣ್ಣಿಗೆ ಚುಚ್ಚಬಾರದೆಂದು, ತೊಟ್ಟಿ ಇದ್ದ ಆ ಹಜಾರದ ಒಂದು ಟ್ಯೂಬ್‌ಲೈಟು ಆರಿಸಿದಳು. ಆ ಹೊಗೆಯಲ್ಲಿ ಕೆಮ್ಮುತ್ತ ನಾನು ನೀಲಿ ಬಲ್ಬನ್ನು ಅಳೆದೆ. ಅಂಕಿ ಅರ್ಧಕ್ಕೆ ಕುಸಿಯಿತು. ನಿನ್ನ ನೀಲಿ ಬಲ್ಬು ದಂಡ ಎಂದು ಕೋಣೆಯತ್ತ ಕೂಗಿದೆ. ಹೊರಗಿನ ಬೆಳಕು ಬೀಳದ ಹಾಗೆ ನೋಡಿಕೊಂಡೆಯಾ ಎಂದಳು ಅಕ್ಕ. ಓಹೋ ಎಂದೆ. ಆ ಪ್ರಶ್ನೆಯ ಅರ್ಥವೇ ಆಗಿರಲಿಲ್ಲ.

ಬಿಳಿ ಬಲ್ಬಿನ ಕೆಳಗೆ ಹವಳ ದಿನೇ ದಿನೇ ಮುದುರಿತು. ಮೊದಲು ಎಸಳಿನಂಥ ಕುಚ್ಚು ಒಳಗೆ ಹೋಯಿತು, ಆಮೇಲೆ ಬಣ್ಣ ಕಂದಿತು. ಹೇಗಿದೆ ಎಂದು ಒಳಗಿನಿಂದ ಪ್ರಶ್ನೆ ಬರುತ್ತಲೇ ಇತ್ತು. ಇವತ್ತು ಸ್ವಲ್ಪ ನಾಚಿಕೊಂಡಿದೆ ಎಂದೆ ಒಂದು ಸಲ.

"ನಾಚ್ಕೊಳ್ಳಕ್ಕೆ ಅದೇನು ಮದುಮಗಳೇನೋ? ನಿಜ ಹೇಳು."

ಆ ದನಿಯಲ್ಲಿ ಬೈಗುಳ ಇರಲಿಲ್ಲ, ಭಯ ಇತ್ತು. ಎಲ್ಲರ ದನಿಯನ್ನೂ ಅಣಕಿಸುವ ನಾನು ಅದನ್ನು ಮಾತ್ರ ಇವತ್ತಿನವರೆಗೆ ಅಣಕಿಸಿಲ್ಲ.

ಅಂಗಡಿಗೆ ರಜೆಯಿದ್ದ ಮಧ್ಯಾಹ್ನ, ಬಿಸಿಲಿನ ಕಾಟಕ್ಕೆ ಕಿಟಕಿ ಪರದೆ ಎಳೆದು, ಅದೇ ಬಿಳಿ ಬಲ್ಬನ್ನು ಮತ್ತೆ ಅಳೆದೆ. ಅಂಕಿ ನೆಲ ಕಚ್ಚಿತು. ಮೀಟರಿನ ಸೆಲ್ಲು ಸತ್ತಿರಬೇಕೆಂದು ಬದಲಿಸಿದೆ, ಅಷ್ಟೇ ತೋರಿಸಿತು. ಮಂಜನನ್ನು ಮನಸ್ಸಿನಲ್ಲಿ ಬೈದುಕೊಂಡು, ಸೆಲ್ಲಿನ ಡಬ್ಬಿ ಹುಡುಕಲು ಟ್ಯೂಬ್‌ಲೈಟು ಹಾಕಿದೆ. ಮೀಟರು ಟಣ್ಣನೆ ಮೇಲೇರಿತು. ಆರಿಸಿದೆ, ಇಳಿಯಿತು. ಹಾಕಿದೆ, ಏರಿತು. ನಾನು ಬಿಳಿ ಬಲ್ಬಿಗೆ ಕೊಟ್ಟಿದ್ದ ಮೊದಲ ಬಹುಮಾನ ನಮ್ಮ ಹಜಾರದ ಹಳೆಯ ಟ್ಯೂಬ್‌ಲೈಟಿಗೆ ಸಲ್ಲಬೇಕಾದದ್ದು. ಹಗಲಿಡೀ ಆ ಟ್ಯೂಬ್‌ಲೈಟು ಆರಿಯೇ ಇರುತ್ತಿತ್ತು, ಹವಳ ಉಪವಾಸ ಇರುತ್ತಿತ್ತು.

ಪರದೆಯ ಸಂದಿಯಿಂದ ಬಿಸಿಲು ನುಸುಳುತ್ತಿತ್ತು, ಮೂರನ್ನೂ ಪೂರ್ತಿ ಕತ್ತಲಲ್ಲಿ ಮತ್ತೆ ಅಳೆಯಬೇಕು. ಸಂಜೆ ಒಂದು ಗಳಿಗೆ ಮನೆಯ ದೀಪವನ್ನೆಲ್ಲ ಆರಿಸೋಣವೇ ಎಂದು ಅಮ್ಮನನ್ನು ಕೇಳಿದೆ. ಬಾಣಂತಿ ಇರುವ ಮನೆಯನ್ನು ದೀಪದ ಹೊತ್ತಿನಲ್ಲಿ ಕತ್ತಲು ಮಾಡುತ್ತೇನೆಂದವನನ್ನು ಅವಳು ನೋಡಿದ ನೋಟ ಯಾವ ಮೀಟರಿಗೂ ನಿಲುಕದ್ದು. ನಾನೂ ಬಿಡಲಿಲ್ಲ. ಕಪಾಟಿನಿಂದ ಅಪ್ಪನ ಕರಿ ಕಂಬಳಿ ಎಳೆದು, ತೊಟ್ಟಿ, ಬಲ್ಬು, ನಾನು, ಎಲ್ಲ ಸೇರಿ ಅದರೊಳಗೆ ಹೊಕ್ಕೆವು. ಕೋಲು ಈ ಸಲ ಬಿದಿರಿನದು. ಒಳಗೆ ಸೆಕೆ, ಉಪ್ಪಿನ ವಾಸನೆ, ಕಂಬಳಿಯ ಸೀನು. ಅಷ್ಟರಲ್ಲಿ ಮಗು ನೋಡಲು ಸುಗಟೂರಿನಿಂದ ಅಮ್ಮನ ಗೆಳತಿ ಬಂದರು. ಹಜಾರದಲ್ಲಿ ಕಂಬಳಿಯ ಗುಡ್ಡ, ಅದರಿಂದ ಹೊರಟ ಎರಡು ಕಾಲು. ನೆಗಡಿಗೆ ಹಬೆ ತೆಗೆದುಕೊಳ್ಳುತ್ತಿದ್ದೇನೆಂದು ತಿಳಿದ ಆ ತಾಯಿ, ನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಬಿಡಲೇ ಎಂದು ಕೇಳಿದರು. ಬೇಡ ಎಂದು ನಾನು ಕೂಗಿದ್ದಕ್ಕೆ ಮಗು ಎದ್ದು ಅತ್ತಿತು, ಅಮ್ಮ ತೆಲುಗಿಗೆ ಹೋದಳು. ನಾನು ಅಳೆಯುತ್ತಲೇ ಇದ್ದೆ. ನೀರಿನ ಮೇಲೆ, ನಡುವೆ, ತಳದಲ್ಲಿ. ಎಲ್ಲ ಕಡೆಯೂ ನೀಲಿ ಬಲ್ಬು ಬಿಳಿಯದನ್ನು ಮೀರಿಸಿತು. ತಳದಲ್ಲಂತೂ ಎರಡು ಪಟ್ಟು. ಬೆವರು ಒರೆಸಿಕೊಂಡು ಹೊರಬಂದು, ಕೋಣೆಯ ಬಾಗಿಲಲ್ಲಿ ನಿಂತು ಸತ್ಯ ಒಪ್ಪಿಸಿದೆ. ಅಕ್ಕ ಬೈಯಲಿಲ್ಲ. ಒಮ್ಮೆಗೇ ಪೂರ್ತಿ ಬೆಳಕು ಕೊಡಬೇಡ, ಹಸಿದವರಿಗೆ ಗಂಜಿ ಕೊಡುವ ಹಾಗೆ ದಿನ ದಿನಕ್ಕೆ ಸ್ವಲ್ಪ ಹೆಚ್ಚಿಸು ಎಂದಳು. ಹಾಗೇ ಮಾಡಿದೆ.

ನಾಮಕರಣದ ಬೆಳಿಗ್ಗೆ ಅಕ್ಕ ಮಗುವನ್ನೆತ್ತಿಕೊಂಡು ಮೊದಲ ಸಲ ಹಜಾರಕ್ಕೆ ಬಂದಳು. ನೆಂಟರನ್ನೆಲ್ಲ ದಾಟಿ ನೇರ ತೊಟ್ಟಿಯ ಮುಂದೆ ನಿಂತಳು. ಹವಳ ಒಂದು ಅಂಚು ಬಿಟ್ಟು ಉಳಿದಂತೆ ಪೂರ್ತಿ ಅರಳಿತ್ತು, ಕುಚ್ಚು ನೀರಿನಲ್ಲಿ ತೂಗುತ್ತಿತ್ತು. ಅವಳು ಬಗ್ಗಿ ಆ ಅಂಚನ್ನೇ ನೋಡಿದಳು. ನನಗೆ ಆ ನೋಟ ತಡೆಯಲಾಗಲಿಲ್ಲ. ಮಂಜನ ದನಿ, ಅಮ್ಮನ ತೆಲುಗು, ನೀಲಗಿರಿ ಎಣ್ಣೆಯ ತಾಯಿ, ಎಲ್ಲರನ್ನೂ ಅಭಿನಯಿಸಿ ಕಥೆ ಹೇಳಿದೆ. ಯಾವ ಬಲ್ಬು ಎಷ್ಟು ಆಳದಲ್ಲಿ ಎಷ್ಟು ಎಂದು ಒಪ್ಪಿಸಿದೆ. ನೆಂಟರು ನಕ್ಕರು. ಹುರುಪು ಹತ್ತಿ, ನಾನಿಲ್ಲದಿದ್ದರೆ ಇದರ ಗತಿ ಏನಾಗುತ್ತಿತ್ತು ನೀನೇ ಹೇಳು ಎಂದು ಎದೆಯುಬ್ಬಿಸಿ ನಿಂತೆ.

ಅಕ್ಕ ಮಗುವನ್ನು ನನ್ನ ಕೈಗೆ ಇಟ್ಟಳು. "ನೀನಿಲ್ದಿದ್ರೆ ಅದು ಮುದುರ್ಕೊಳ್ತಾನೇ ಇರ್ಲಿಲ್ಲ ಕಣೋ," ಎಂದಳು. "ತಗೋ, ಕೂತ್ಕೋ. ಇದನ್ನಾದ್ರೂ ಅಳೆಯಕ್ಕೆ ಹೋಗ್ಬೇಡ, ಸುಮ್ನೆ ಎತ್ಕೋ."